ಅಪರಿಚಿತನ ಭಯ

ಸ್ಕಂದಗಿರಿಯ ಮೇಲೆ ಸೂರ್ಯೋದಯವನ್ನು ಕಂಡು ಇಳಿದುಬರುವ ಬೆಂಗಳೂರಿನ ಯುವಕರು ತಪ್ಪಲಿನ ಬೀದಿಯಲ್ಲಿ ಹಾದುಹೋಗುವಾಗ, ತಾಯಿಯೊಬ್ಬಳು ಅಂಗಳದಲ್ಲಿ ಆಡುತ್ತಿರುವ ಮಗುವನ್ನು ಒಳಗೆ ಕರೆದುಕೊಂಡರೆ ನಾವು ಆಕೆಯ ಎಚ್ಚರವನ್ನು ಮೆಚ್ಚುತ್ತೇವೆ. ಅದೇ ತಾಯಿ ಕೆಲಸಕ್ಕೆ ಹೊರಡುವಾಗ ಮಗುವನ್ನು ನಂಬಿಕಸ್ಥರ ಮನೆಯಲ್ಲಿ ಬಿಟ್ಟು ನಿಶ್ಚಿಂತಳಾಗುತ್ತಾಳೆ. ನಮ್ಮ ಭಯವೂ ನಮ್ಮ ನಂಬಿಕೆಯೂ ಸರಿಯಾದ ಕಡೆಗೆ ಮುಖಮಾಡಿವೆಯೇ?

ಅಪರಿಚಿತನ ಭಯ ಎಷ್ಟು ದೂರ ಹೋಗಬಲ್ಲುದೆಂಬುದನ್ನು ನಾವು 2018ರ ಮೇ ತಿಂಗಳಿನಲ್ಲಿ ಕಂಡೆವು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿಯನ್ನು ನಂಬಿದ ಜನ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ತರುಣನೊಬ್ಬನನ್ನು ಹೊಡೆದು ಕೊಂದರು.

ಅಂಕಿಗಳು ಬೇರೆಯೇ ಕಥೆ ಹೇಳುತ್ತವೆ. ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿದ್ದರು. ಕರ್ನಾಟಕ ಅದರಲ್ಲಿ ಸೇರಿರಲಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಗೆ ತಾಗಿದ ಆಂಧ್ರ ಸೇರಿತ್ತು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳವನ್ನು ಅನುಭವಿಸಿದ್ದರು. ಈ ಸಂಖ್ಯೆಯನ್ನು ಕೇಳಿ ಎದೆ ಹಾರುವುದು ಸಹಜ. ಆದರೆ ಇದರಲ್ಲಿ ಅಶ್ಲೀಲ ಚಿತ್ರ ತೋರಿಸಿದಂಥವೂ ಸೇರಿವೆ. ತೀವ್ರ ಸ್ವರೂಪದವು ಐದರಲ್ಲಿ ಒಂದರಷ್ಟು. ಅದೂ ಅಲ್ಪವಲ್ಲ. ಪೀಡಿತರಲ್ಲಿ ಗಂಡುಮಕ್ಕಳು ಅರ್ಧಕ್ಕಿಂತ ತುಸು ಹೆಚ್ಚೇ ಇದ್ದರೆಂಬುದನ್ನು, ಹೆಣ್ಣುಮಕ್ಕಳಿಗಷ್ಟೇ ಕಾವಲಿಡುವ ನಾವು ಗಮನಿಸಬೇಕು. ಪೀಡಕರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು. ಪೊಲೀಸರ ದಾಖಲೆಗೆ ಬಂದ ಅತ್ಯಾಚಾರ ಪ್ರಕರಣಗಳಲ್ಲಂತೂ ಪರಿಚಿತರ ಪಾಲು ಹತ್ತರಲ್ಲಿ ಒಂಬತ್ತನ್ನೂ ಮೀರುತ್ತದೆ.

ಇಲ್ಲಿ ತರ್ಕ ಸುಲಭವಾಗಿ ಎಡವುತ್ತದೆ. ಅಪರಾಧಿಗಳಲ್ಲಿ ಹೆಚ್ಚಿನವರು ಪರಿಚಿತರು ಎಂದರೆ ಪರಿಚಿತರಲ್ಲಿ ಹೆಚ್ಚಿನವರು ಅಪರಾಧಿಗಳೆಂದು ಅರ್ಥವಲ್ಲ. ಸೋದರಮಾವನನ್ನೂ ಮನೆಪಾಠದ ಮೇಷ್ಟರನ್ನೂ ಸಂಶಯದಿಂದ ನೋಡುತ್ತ ಯಾವ ಸಂಸಾರವೂ ಬಾಳಲಾರದು. ಮುಖ ನೋಡಿ ಮನುಷ್ಯನನ್ನು ಅಳೆಯುವ ಶಕ್ತಿಯೂ ನಮಗಿಲ್ಲ. ಮಗುವಿನ ಬಳಿಗೆ ಬರಬಯಸುವವನು ಮೊದಲು ಹೆತ್ತವರ ವಿಶ್ವಾಸವನ್ನೇ ಗಳಿಸುತ್ತಾನೆ. ಅಳೆಯಬಹುದಾದದ್ದು ಸಂದರ್ಭವನ್ನು. ಮಗುವಿನೊಡನೆ ಯಾರು, ಎಷ್ಟು ಹೊತ್ತು, ಯಾರ ಕಣ್ಣಿಗೂ ಬೀಳದಂತೆ ಇರುತ್ತಾರೆ? ನಡುವೆ ಮುನ್ಸೂಚನೆಯಿಲ್ಲದೆ ಯಾರಾದರೂ ಬಾಗಿಲು ತೆರೆದು ಬರಬಹುದೇ? ಕಾರಣವಿಲ್ಲದೆ ಒಂದೇ ಮಗುವಿಗೆ ಉಡುಗೊರೆ ಬರುತ್ತಿದೆಯೇ? “ಅಮ್ಮನಿಗೆ ಹೇಳಬೇಡ” ಎಂಬ ಮಾತು ಹುಟ್ಟಿದೆಯೇ? ನನ್ನ ದೃಷ್ಟಿಯಲ್ಲಿ ಈ ಕೊನೆಯದು ಉಳಿದೆಲ್ಲಕ್ಕಿಂತ ದೊಡ್ಡ ಸೂಚನೆ. ಪಾಠ ಹೊರಕೋಣೆಯಲ್ಲಿ, ಬಾಗಿಲು ತೆರೆದು ನಡೆಯಲಿ ಎಂದರೆ ಸಜ್ಜನನಾದ ಮೇಷ್ಟರಿಗೆ ಅದರಿಂದ ಅವಮಾನವೇನೂ ಇಲ್ಲ.

ಇನ್ನೊಂದು ಅಪಾಯವನ್ನು ನಾವೇ ಬೆಳೆಸುತ್ತೇವೆ. ಮನೆಗೆ ಬಂದ ನೆಂಟರ ತೊಡೆಯ ಮೇಲೆ ಕೂರಲು ಮಗು ಒಲ್ಲೆನೆಂದರೆ “ಮಾಮನಿಗೆ ಬೇಜಾರಾಗುತ್ತೆ, ಮುತ್ತು ಕೊಡು” ಎಂದು ಗದರಿಸುತ್ತೇವೆ. ದೊಡ್ಡವರ ಇಚ್ಛೆಗೆ ತನ್ನ ಮೈ ಒಪ್ಪಿಸಬೇಕೆಂಬ ಪಾಠವನ್ನು ಮಗು ಕಲಿಯುವುದು ಅಲ್ಲಿಯೇ. ಆ ಅಧ್ಯಯನದ ಮಕ್ಕಳಲ್ಲಿ ಹೆಚ್ಚಿನವರು ತಮಗಾದದ್ದನ್ನು ಯಾರಿಗೂ ಹೇಳಿರಲಿಲ್ಲ.

ಹೇಳಿದ ದಿನ ಹೆತ್ತವರು ಬೆಚ್ಚಿ ಕೂಗಾಡಿದರೆ ಮಗು ಮತ್ತೆ ಬಾಯಿ ಬಿಡದು. ನಂಬಬೇಕು, ತಪ್ಪು ನಿನ್ನದಲ್ಲವೆನ್ನಬೇಕು, ಪ್ರಶ್ನೆಗಳ ಸುರಿಮಳೆ ಬೇಡ. 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಪೋಕ್ಸೋ ಕಾಯಿದೆಯ ಪ್ರಕಾರ, ಇಂಥ ಕೃತ್ಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಾನಕ್ಕಂಜಿ ಮುಚ್ಚಿಡುವುದೂ ಅಪರಾಧ. ಪೊಲೀಸರು ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಇಲ್ಲವೆ ಅದು ಬಯಸಿದ ಕಡೆ, ಸಮವಸ್ತ್ರವಿಲ್ಲದೆ ಬಂದು ಬರೆದುಕೊಳ್ಳಬೇಕು. ಎಲ್ಲಿ ವಿಚಾರಿಸಬೇಕೆಂದು ತೋಚದವರು 1098ಕ್ಕೆ ಕರೆ ಮಾಡಬಹುದು; ಮಗುವೇ ಕರೆ ಮಾಡಿದರೂ ಸರಿಯೇ.