ಹೆರಿಗೆ ಎಲ್ಲಿ: ಮನೆಯಲ್ಲೋ, ಆಸ್ಪತ್ರೆಯಲ್ಲೋ?

ಹೆರಿಗೆ ಎಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ನಮ್ಮಲ್ಲಿ ಹಳೆಯದು. ಒಂದು ಕಾಲದಲ್ಲಿ ಈ ಮರುಹುಟ್ಟು ನಡೆಯುತ್ತಿದ್ದುದು ತವರುಮನೆಯ ಒಳಕೋಣೆಯಲ್ಲಿ, ಊರ ಸೂಲಗಿತ್ತಿಯ ಕೈಯಲ್ಲಿ. ಸಾವಿರಾರು ಹೆರಿಗೆ ಮಾಡಿಸಿದ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ನಿಧನರಾದರು. ಆ ಪರಂಪರೆಯೂ ಇಂದು ಮುಗಿಯುವ ಹಂತದಲ್ಲಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ.

ಹೀಗಿದ್ದರೂ ನಗರಗಳ ಕೆಲವು ಸುಶಿಕ್ಷಿತ ದಂಪತಿಗಳು ಮತ್ತೆ ಮನೆಯ ಹೆರಿಗೆಯತ್ತ ನೋಡುತ್ತಿದ್ದಾರೆ. ಅವರ ಆತಂಕ ನಿರಾಧಾರವೇನಲ್ಲ. ಅದೇ ಸಮೀಕ್ಷೆಯಂತೆ ರಾಜ್ಯದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಅರ್ಧಕ್ಕೂ ಹೆಚ್ಚು ಸಿಸೇರಿಯನ್. ನೋವಿನ ನಡುವೆ ಒಂಟಿಯಾಗಿ ಮಲಗಿಸುವುದು, ಗದರಿಸುವುದು ಮುಂತಾದ ಅನುಭವಗಳೂ ಅನೇಕರಿಗಿವೆ.

ಅಪಾಯ ಯಾವಾಗ?

ಹೆರಿಗೆಯ ಅಪಾಯ ಮುನ್ಸೂಚನೆ ಕೊಟ್ಟೇ ಬರುತ್ತದೆ ಎನ್ನುವಂತಿಲ್ಲ. ಮಗು ಹುಟ್ಟಿ ಮಾಸು ಬಿದ್ದ ಮೇಲೆ ಗರ್ಭಕೋಶ ಬಿಗಿಯಾಗಿ ಕುಗ್ಗಬೇಕು. ಕುಗ್ಗದಿದ್ದರೆ ರಕ್ತಸ್ರಾವ ನಿಲ್ಲದು. ಒಂಬತ್ತು ತಿಂಗಳೂ ಆರೋಗ್ಯವಾಗಿದ್ದ ತಾಯಿಯಲ್ಲೂ ಇದು ಸಂಭವಿಸಬಹುದು. ಚಿಕಿತ್ಸೆ ಸಿಗದಿದ್ದರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಇದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿಟ್ಟು ಕಾಪಾಡಬೇಕು. ಸ್ರಾವ ಹೆಚ್ಚಿದರೆ ರಕ್ತ ಬೇಕು, ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು. ಹುಟ್ಟಿದೊಡನೆ ಉಸಿರಾಡದ ಶಿಶುವಿಗಂತೂ ಮೊದಲ ನಿಮಿಷವೇ ನಿರ್ಣಾಯಕ.

ಮಾದರಿ ನೋಂದಣಿ ವ್ಯವಸ್ಥೆಯ ಲೆಕ್ಕದಲ್ಲಿ 2001-03ರಲ್ಲಿ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018-20ರ ವೇಳೆಗೆ ಈ ಸಂಖ್ಯೆ 69ಕ್ಕೆ ಇಳಿಯಿತು. ಆಸ್ಪತ್ರೆ ಹೆರಿಗೆಯೊಂದೇ ಇದಕ್ಕೆ ಕಾರಣವಲ್ಲದಿದ್ದರೂ ಅದರ ಪಾಲು ದೊಡ್ಡದು.

ಇಂಗ್ಲೆಂಡಿನ ಪಾಠ

ಮನೆ ಹೆರಿಗೆಯ ಪರ ವಾದಿಸುವವರು ಇಂಗ್ಲೆಂಡಿನತ್ತ ಬೊಟ್ಟು ಮಾಡುತ್ತಾರೆ. ಅಲ್ಲಿ ಕಡಿಮೆ ಅಪಾಯದ ಸುಮಾರು 64 ಸಾವಿರ ಹೆರಿಗೆಗಳನ್ನು ಪರಿಶೀಲಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಈಗಾಗಲೇ ಹೆತ್ತವರ ವಿಷಯದಲ್ಲಿ ಮನೆಗೂ ಆಸ್ಪತ್ರೆಗೂ ಶಿಶುವಿನ ಸುರಕ್ಷತೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಚೊಚ್ಚಲ ಹೆರಿಗೆಯಲ್ಲಿ ಮಾತ್ರ ಶಿಶುವಿಗೆ ಗಂಭೀರ ತೊಂದರೆ ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3 ಇದ್ದರೆ ಮನೆಯಲ್ಲಿ 9.3 ಇತ್ತು. ಮನೆಯಲ್ಲೇ ಹೆರಲು ನಿರ್ಧರಿಸಿದ್ದ ಚೊಚ್ಚಲ ಗರ್ಭಿಣಿಯರಲ್ಲಿ ಶೇ 45ರಷ್ಟು ಮಂದಿಯನ್ನು ಕೊನೆಗೆ ಆಸ್ಪತ್ರೆಗೆ ಸಾಗಿಸಬೇಕಾಯಿತು.

ಅಲ್ಲಿ ಮನೆಗೆ ಬರುವವರು ತರಬೇತಿ ಪಡೆದ, ನೋಂದಾಯಿತ ಪ್ರಸೂತಿ ದಾದಿಯರು. ಅವರ ಬೆನ್ನಿಗೆ ಆಂಬುಲೆನ್ಸ್, ಆಸ್ಪತ್ರೆಗಳಿವೆ. ಅಂಥ ಸಂಘಟಿತ ವ್ಯವಸ್ಥೆ ನಮ್ಮಲ್ಲಿಲ್ಲ. ವಿಡಿಯೊ ನೋಡಿಕೊಂಡು ಮನೆಯಲ್ಲಿ ಹೆರಿಗೆ ಮಾಡಿಸುವುದು ಆಯ್ಕೆಯಲ್ಲ, ಅಪಾಯವನ್ನು ಕರೆದು ತಂದಂತೆ. ಅಧಿಕ ರಕ್ತದೊತ್ತಡ, ಮಧುಮೇಹ, ತೀವ್ರ ರಕ್ತಹೀನತೆ, ಅವಳಿ ಗರ್ಭ, ಅಡ್ಡ ಮಲಗಿದ ಶಿಶು ಅಥವಾ ಹಿಂದೆ ಸಿಸೇರಿಯನ್ ಆಗಿರುವವರು ಮನೆಯ ಯೋಚನೆಯನ್ನೇ ಮಾಡಬಾರದು.

ಆಸ್ಪತ್ರೆಯನ್ನು ಪ್ರಶ್ನಿಸಿ

ಹಾಗೆಂದು ಆಸ್ಪತ್ರೆ ಎಂಬ ಫಲಕವೇ ಸುರಕ್ಷತೆಯ ಖಾತರಿಯಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ನಂತರ ಸಂಭವಿಸಿದ ಬಾಣಂತಿಯರ ಸರಣಿ ಸಾವು ಇಡೀ ರಾಜ್ಯವನ್ನು ಕಲಕಿತು. ಆದ್ದರಿಂದ ಏಳನೇ ತಿಂಗಳಿನೊಳಗೇ ಈ ಪ್ರಶ್ನೆಗಳನ್ನು ಕೇಳಿ:

* ರಾತ್ರಿ ವೇಳೆ ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ವೈದ್ಯರು ಲಭ್ಯರೇ?
* ತುರ್ತಾಗಿ ರಕ್ತ ಎಲ್ಲಿಂದ, ಎಷ್ಟು ಹೊತ್ತಿನಲ್ಲಿ ಬರುತ್ತದೆ?
* ಇಲ್ಲಿ ನೂರಕ್ಕೆ ಎಷ್ಟು ಸಿಸೇರಿಯನ್? ಯಾವ ಸಂದರ್ಭಗಳಲ್ಲಿ?
* ತಾಯಿಯೋ ಅಕ್ಕನೋ ಗಂಡನೋ ಜೊತೆಗಿರಬಹುದೇ? ನಡೆದಾಡಲು, ಬೇಕಾದ ಭಂಗಿಯಲ್ಲಿರಲು ಅವಕಾಶವಿದೆಯೇ?

ಹೆರಿಗೆ ಕೋಣೆಯಲ್ಲಿ ಆಪ್ತರೊಬ್ಬರು ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದೆ. ಎಲ್ಲರಿಗೂ ವಾಡಿಕೆಯಂತೆ ಯೋನಿದ್ವಾರ ಕತ್ತರಿಸುವುದು ಸಲ್ಲದು ಎಂದೂ ಅದು ಹೇಳಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ ಎಲ್ಲವೂ ಉಚಿತ.

ಅನಿರೀಕ್ಷಿತವಾಗಿ ಮನೆಯಲ್ಲೇ ಹೆರಿಗೆಯಾದರೆ ಮೊದಲು 108ಕ್ಕೆ ಕರೆ ಮಾಡಿ. ಶಿಶುವನ್ನು ಒಣ ಬಟ್ಟೆಯಿಂದ ಒರೆಸಿ ತಾಯಿಯ ಎದೆಗೆ ಅಪ್ಪಿಸಿ, ಮೇಲೆ ಬೆಚ್ಚಗೆ ಹೊದಿಸಿ. ಹೊಕ್ಕುಳ ಬಳ್ಳಿಯನ್ನು ಎಳೆಯಬೇಡಿ, ಅದಕ್ಕೆ ಏನನ್ನೂ ಸವರಬೇಡಿ. ಎಲ್ಲ ಸರಿಯಿದೆ ಎನಿಸಿದರೂ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ಯಿರಿ.

ಸೂಲಗಿತ್ತಿಯರು ಕೊಡುತ್ತಿದ್ದುದು ಧೈರ್ಯದ ಮಾತು, ಬೆನ್ನ ಮೇಲೊಂದು ಕೈ. ಆಸ್ಪತ್ರೆ ಕೊಡುವುದು ರಕ್ತ, ಔಷಧ, ಶಸ್ತ್ರಚಿಕಿತ್ಸೆ. ತಾಯಿಗೆ ಎರಡೂ ಬೇಕು. ಹೆರಿಗೆ ಆಸ್ಪತ್ರೆಯಲ್ಲಿ ಆಗಲಿ. ಆದರೆ ಆ ಆಸ್ಪತ್ರೆಯನ್ನು ವಿಚಾರಿಸಿ, ತಿಳಿದು ಆರಿಸಿಕೊಳ್ಳುವ ಹಕ್ಕು ಗರ್ಭಿಣಿಯದೇ ಆಗಿರಲಿ.