ಡ್ರಿಪ್ ವಾಲ್ವ್ ಹವಾಮಾನ ಕೇಳಿಯೇ ತೆರೆಯಲಿ, ಆದರೆ ಉತ್ತರ ಬಾರದಿದ್ದರೆ?

ಆಟೋ ಸ್ಟಾರ್ಟರ್ ನಮ್ಮ ಹೊಲಗಳಿಗೆ ಬಂದು ಬಹಳ ವರ್ಷ ಆಯ್ತು. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕೊಟ್ಟರೂ ಟಾರ್ಚ್ ಹಿಡಿದು, ಹಾವಿನ ಭಯದಲ್ಲಿ ಪಂಪ್‌ಹೌಸಿಗೆ ಹೋಗುವ ಕಷ್ಟ ಅದರಿಂದ ತಪ್ಪಿತು. ದೊಡ್ಡ ಉಪಕಾರವೇ. ಆದರೆ ಅದಕ್ಕೆ ಗೊತ್ತಿರುವುದು ಒಂದೇ ವಿಷಯ: ಕರೆಂಟು ಬಂತು, ಮೋಟರ್ ಓಡಿಸು. ಸಂಜೆ ಹದವಾದ ಮಳೆ ಬಿದ್ದು ಮಡಿಯೆಲ್ಲ ನೆನೆದಿದ್ದರೂ ರಾತ್ರಿ ಮತ್ತೆ ನೀರು ಬಿಡುತ್ತದೆ. ಟೊಮೆಟೊದಲ್ಲಿ ಇದರ ಫಲ ನಿಮಗೇ ಗೊತ್ತು. ಬೇರಿಗೆ ಗಾಳಿ ಸಿಗದೆ ಗಿಡ ಸೊರಗುತ್ತದೆ, ಹಣ್ಣು ಸೀಳುತ್ತದೆ. ಶುಂಠಿಯಲ್ಲಾದರೆ ಕೊಳೆ ರೋಗ ಮಡಿಯಿಂದ ಮಡಿಗೆ ಹರಿಯುತ್ತದೆ.

ಈಗ ನಾನೂರು ಐನೂರು ರೂಪಾಯಿ ಆಸುಪಾಸಿನಲ್ಲಿ ಇಎಸ್‌ಪಿ32 ಎಂಬ ಪುಟ್ಟ ಬೋರ್ಡು ಸಿಗುತ್ತದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಇದಕ್ಕೆ ವೈಫೈ ಇದೆ. ಅಂದರೆ ವಾಲ್ವ್ ತೆರೆಯುವ ಮೊದಲು ಇಂಟರ್ನೆಟ್ಟಿನಲ್ಲಿ ಹವಾಮಾನ ಕೇಳಿಕೊಂಡು, ಇವತ್ತು ಎಷ್ಟು ನಿಮಿಷ ನೀರು ಬೇಕು ಎಂದು ತಾನೇ ಲೆಕ್ಕ ಹಾಕಬಲ್ಲದು. ಹೇಗೆ ಕೇಳುತ್ತದೆ, ಉತ್ತರವನ್ನು ಎಷ್ಟು ನಂಬಬೇಕು, ಉತ್ತರವೇ ಬಾರದಾಗ ಏನು ಮಾಡಬೇಕು ಎಂಬುದು ಈ ವಾರದ ವಿಷಯ. ಯೂಟ್ಯೂಬ್ ವಿಡಿಯೊಗಳು ಮೊದಲನೆಯದನ್ನು ಮಾತ್ರ ಹೇಳಿ ಮುಗಿಸುತ್ತವೆ. ನಮ್ಮ ಬೆಳೆ ಉಳಿಯುವುದು ಮೂರನೆಯದರಲ್ಲಿ.

ಮೊದಲು ಫೋನಿನಲ್ಲೇ ನೋಡಿ

ವೆಬ್ ಸರ್ವಿಸ್ ಅಂದರೆ ದೊಡ್ಡ ವಿದ್ಯೆಯೇನಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ವರುಣ ಮಿತ್ರ'ಕ್ಕೆ ಫೋನ್ ಮಾಡಿ ನಮ್ಮೂರಲ್ಲಿ ಮಳೆ ಹೇಗೆ ಅಂತ ಕೇಳ್ತೀವಲ್ಲ, ಹಾಗೇ. ಇಲ್ಲಿ ಕೇಳುವುದು ಬೋರ್ಡು, ಉತ್ತರ ಕೊಡುವುದು ಎಲ್ಲೋ ಇರುವ ಒಂದು ಕಂಪ್ಯೂಟರ್. ಪ್ರಶ್ನೆಯನ್ನು ವೆಬ್ ವಿಳಾಸದ ರೂಪದಲ್ಲೇ ಬರೆದು ಕಳಿಸಬೇಕು.

ಶುರು ಮಾಡುವವರಿಗೆ ನಾನು ಹೇಳುವುದು ಓಪನ್-ಮೀಟಿಯೊ ಎಂಬ ಸೇವೆ. ವಾಣಿಜ್ಯೇತರ ಬಳಕೆಗೆ ಉಚಿತ. ಖಾತೆ ತೆರೆಯಬೇಕಿಲ್ಲ, ಕೀ ಬೇಕಿಲ್ಲ. ದಿನಕ್ಕೆ ಹತ್ತು ಸಾವಿರ ಸಲ ಕೇಳುವವರೆಗೆ ತಕರಾರಿಲ್ಲ, ನಮಗೆ ಹತ್ತು ಸಲವೂ ಬೇಡ. ಅದರ ವಿಳಾಸದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಅದಕ್ಕಿಂತ ಮುಂಚೆ ಇರುವುದು ಯಾರನ್ನು ಕೇಳುತ್ತಿದ್ದೀವಿ ಎಂಬುದು, ನಂತರದ್ದು ಏನು ಕೇಳುತ್ತಿದ್ದೀವಿ ಎಂಬುದು. ಅಕ್ಷಾಂಶ ಇಷ್ಟು, ರೇಖಾಂಶ ಇಷ್ಟು, ಇವತ್ತಿನ ಒಟ್ಟು ಮಳೆ ಕೊಡು, ಇವತ್ತಿನ ಬಾಷ್ಪೀಕರಣ ಕೊಡು, ಒಂದೇ ದಿನದ್ದು ಸಾಕು, ಸಮಯ ಏಷ್ಯಾ-ಕೋಲ್ಕತ್ತಾದ್ದು. ಕೋಲಾರದ ಸುತ್ತಮುತ್ತ ಆದರೆ 13.14 ಮತ್ತು 78.13. ನಿಮ್ಮ ಹೊಲದ್ದು ಬೇಕಾದರೆ ಗೂಗಲ್ ಮ್ಯಾಪ್ಸಿನಲ್ಲಿ ಹೊಲದ ಮೇಲೆ ಬೆರಳು ಒತ್ತಿ ಹಿಡಿಯಿರಿ, ಎರಡೂ ಅಂಕಿ ಕಾಣುತ್ತವೆ. ದಶಾಂಶದ ನಂತರ ಎರಡು ಅಂಕಿ ಸಾಕು, ಅದೇ ಸುಮಾರು ಒಂದು ಕಿಲೋಮೀಟರಿನ ಲೆಕ್ಕ.

ಆ ಸೇವೆಯ ಪುಟದಲ್ಲಿ ಬೇಕಾದ್ದಕ್ಕೆ ಟಿಕ್ ಹಾಕಿದರೆ ಈ ಉದ್ದ ವಿಳಾಸವನ್ನು ಅದೇ ತಯಾರು ಮಾಡಿಕೊಡುತ್ತದೆ. ಅದನ್ನು ನಕಲು ಮಾಡಿ ನಿಮ್ಮ ಫೋನಿನ ಬ್ರೌಸರಿನಲ್ಲಿ ತೆರೆಯಿರಿ. ಪುಷ್ಪಾವರಣ, ಉದ್ಧರಣ ಚಿಹ್ನೆ, ಅಂಕಿ ತುಂಬಿದ ಒಂದು ಬರಹ ಬರುತ್ತದೆ. ಅದಕ್ಕೆ ಜೇಸನ್ ಅಂತಾರೆ. ಬೋರ್ಡಿಗೆ ಬರುವುದೂ ಅಕ್ಷರಶಃ ಅದೇ. ಬೋರ್ಡು ಕೊಳ್ಳುವ ಮೊದಲು ಒಂದು ವಾರ ದಿನಾ ಬೆಳಿಗ್ಗೆ ಫೋನಿನಲ್ಲಿ ಅದನ್ನು ತೆರೆದು, ಹೇಳಿದ ಮಳೆ ಮತ್ತು ನಿಜವಾಗಿ ಬಿದ್ದ ಮಳೆ ಎರಡನ್ನೂ ಬರೆದಿಡಿ. ಖರ್ಚಿಲ್ಲದ ಪಾಠ.

ಒಂದೇ ದಿನದ್ದು ಕೇಳಿ ಅಂದದ್ದಕ್ಕೆ ಕಾರಣ ಇದೆ. ನೀವು ಏನೂ ಹೇಳದೆ ಗಂಟೆ ಲೆಕ್ಕದ ಮಳೆ ಕೇಳಿದರೆ ಏಳು ದಿನದ್ದು, ಅಂದರೆ 168 ಅಂಕಿ ಬರುತ್ತವೆ. ಇಎಸ್‌ಪಿ32ರ ಒಳಗಿನ ನೆನಪು 520 ಕಿಲೋಬೈಟ್, ಅದರಲ್ಲಿ ವೈಫೈಗೇ ಒಂದು ಪಾಲು ಹೋಗುತ್ತದೆ. ಚೀಲ ಚಿಕ್ಕದಿದ್ದಾಗ ಬೇಕಾದಷ್ಟನ್ನೇ ತರಬೇಕು.

ಎರಡು ಅಂಕಿಯಿಂದ ನಿಮಿಷದ ಲೆಕ್ಕ

ಮಳೆಗಿಂತ ನನಗೆ ಹೆಚ್ಚು ಉಪಯೋಗಕ್ಕೆ ಬರುವುದು ಬಾಷ್ಪೀಕರಣದ ಅಂಕಿ. ಬಿಸಿಲು, ಗಾಳಿ, ತೇವಾಂಶ, ಉಷ್ಣತೆ ಸೇರಿಸಿ ಇವತ್ತು ಹುಲ್ಲು ಹಾಸಿದ ನೆಲದಿಂದ ಎಷ್ಟು ಮಿಲಿಮೀಟರ್ ನೀರು ಆರಿ ಹೋಗುತ್ತದೆ ಎಂದು ಇದು ಹೇಳುತ್ತದೆ. ಎಫ್‌ಎಓ 1998ರಲ್ಲಿ ಪ್ರಕಟಿಸಿದ ವಿಧಾನದ್ದೇ ಲೆಕ್ಕ, ತೋಟಗಾರಿಕೆ ಓದಿದವರು ಪರೀಕ್ಷೆಗೆ ಉರು ಹೊಡೆದು ಮರೆತಿರುವ ಸೂತ್ರ. ಈಗ ಅದನ್ನು ಬೇರೆ ಯಾರೋ ದಿನಾ ಲೆಕ್ಕ ಹಾಕಿ ಪುಕ್ಕಟೆ ಕೊಡುತ್ತಿದ್ದಾರೆ.

ಕಾಯಿ ಕಚ್ಚಿ ತುಂಬಿಕೊಂಡಿರುವ ಟೊಮೆಟೊಗೆ ಆ ಅಂಕಿಯನ್ನು 1.15ರಿಂದ ಗುಣಿಸಬೇಕು. ನಾಟಿ ಮಾಡಿದ ಹೊಸದರಲ್ಲಿ 0.6 ಸಾಕು. ಬಿಸಿಲಿನ ದಿನ ಅಂಕಿ 5 ಬಂತು ಅನ್ನಿ: 5.75 ಮಿಲಿಮೀಟರ್ ನೀರು ಬೇಕು. ಲ್ಯಾಟರಲ್ ನಡುವೆ 1.2 ಮೀಟರ್, ಡ್ರಿಪ್ಪರ್ ನಡುವೆ 40 ಸೆಂಟಿಮೀಟರ್, ಗಂಟೆಗೆ 2 ಲೀಟರ್ ಡ್ರಿಪ್ಪರ್ ಆದರೆ ನಿಮ್ಮ ಡ್ರಿಪ್ ಗಂಟೆಗೆ ಸುಮಾರು 4.2 ಮಿಲಿಮೀಟರ್ ಕೊಡುತ್ತದೆ. ಹಾಗಾಗಿ 83 ನಿಮಿಷ. ಮೋಡದ ದಿನ ಅಂಕಿ 3ಕ್ಕೆ ಇಳಿದರೆ 50 ನಿಮಿಷವೇ ಸಾಕು. ಒಂದು ಎಕರೆಗೆ ಒಂದು ಮಿಲಿಮೀಟರ್ ಅಂದರೆ ಸುಮಾರು 4047 ಲೀಟರ್, ಈ ಎರಡು ದಿನಗಳ ನಡುವಿನ ವ್ಯತ್ಯಾಸವೇ ಒಂಬತ್ತು ಸಾವಿರ ಲೀಟರ್ ದಾಟುತ್ತದೆ. ಸಾವಿರ ಅಡಿ ಕೊರೆಸಿದ ಬೋರ್‌ವೆಲ್ ಇರುವವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಮಲ್ಚಿಂಗ್ ಶೀಟ್ ಅಥವಾ ದಪ್ಪ ಹೊದಿಕೆ ಇದ್ದರೆ ಇನ್ನೂ ಕಡಿಮೆ ಸಾಕು. ನಿಮ್ಮ ಮಣ್ಣನ್ನು ಮುಟ್ಟಿ ನೋಡಿ ಸರಿಮಾಡಿಕೊಳ್ಳಿ.

ಮಳೆಯ ಅಂಕಿಗೆ ಮಾತ್ರ ಅಷ್ಟು ಮರ್ಯಾದೆ ಕೊಡಬೇಡಿ. ಮುನ್ಸೂಚನೆ ನಿಮ್ಮ ಹೊಲದ್ದಲ್ಲ, ಹಲವು ಕಿಲೋಮೀಟರ್ ಅಗಲದ ಒಂದು ಚೌಕದ್ದು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಕೆರೆಯ ಆ ಬದಿ ಸುರಿದು ಈ ಬದಿ ಒಣಗಿಸಿ ಹೋಗುತ್ತದೆ. ಅದಕ್ಕೇ ನನ್ನ ನಿಯಮ: ಬರಬಹುದಾದ ಮಳೆ ನೀರನ್ನು ಕೆಲವು ಗಂಟೆ ಮುಂದೂಡಬಹುದು, ರದ್ದು ಮಾಡುವ ಹಾಗಿಲ್ಲ. ರದ್ದು ಮಾಡುವ ಹಕ್ಕು ನಮ್ಮ ಹೊಲದಲ್ಲೇ ಇರುವ ಮಳೆಮಾಪಕಕ್ಕೋ ಮಣ್ಣಿನ ತೇವದ ಸೆನ್ಸರಿಗೋ ಇರಲಿ. ಶೀಟ್ ಹಾಕಿದ ಏರುಮಡಿಯಲ್ಲಿ ಬಿದ್ದ ಮಳೆಯೂ ಬಹಳಷ್ಟು ಕಾಲುವೆಗೆ ಜಾರಿ ಹೋಗುತ್ತದೆ, ಬೇರಿಗೆ ಸಿಕ್ಕಿದ್ದು ಎಷ್ಟೆಂದು ಮಾಪಕ ಹೇಳುವುದಿಲ್ಲ, ಸೆನ್ಸರೇ ಹೇಳಬೇಕು. ಅಂದ ಹಾಗೆ, ಆ ಸೆನ್ಸರಿನ ವೈರನ್ನು ಇಎಸ್‌ಪಿ32ರ 32ರಿಂದ 39ರ ನಡುವಿನ ಪಿನ್ನಿಗೇ ಕೊಡಿ. ಬೇರೆ ಅನಲಾಗ್ ಪಿನ್ನುಗಳು ವೈಫೈ ನಡೆಯುವಾಗ ಓದಲಾರವು. ಸೆನ್ಸರ್ ಕೆಟ್ಟಿದೆ ಅಂತ ಎರಡೆರಡು ಸಲ ಕೊಳ್ಳುವವರು ಇದನ್ನು ಒಮ್ಮೆ ನೋಡಲಿ.

ಸೊನ್ನೆ ಬೇರೆ, ಉತ್ತರ ಇಲ್ಲದಿರುವುದು ಬೇರೆ

ಈಗ ಮುಖ್ಯ ವಿಷಯ. ಕೋಡನ್ನು ಇಲ್ಲಿ ಹಾಕುತ್ತಿಲ್ಲ. ಆರ್ಡುಯಿನೊ ಐಡಿಇ ಜೊತೆಗೆ ಬರುವ ಉದಾಹರಣೆಗಳಿವೆ, ಇಲ್ಲವೇ ಚಾಟ್‌ಜಿಪಿಟಿ ಥರದ್ದನ್ನು ಕೇಳಿದರೆ ಎರಡು ನಿಮಿಷದಲ್ಲಿ ಬರೆದುಕೊಡುತ್ತದೆ. ಆದರೆ ಹಾಗೆ ಸಿಗುವ ಕೋಡಿನಲ್ಲಿ ಒಂದು ಗುಂಡಿ ಇರುತ್ತದೆ. ಜೇಸನ್ ಓದಲು ಎಲ್ಲರೂ ಬಳಸುವ ಆರ್ಡುಯಿನೊಜೇಸನ್ ಲೈಬ್ರರಿ, ಕೇಳಿದ ಅಂಕಿ ಉತ್ತರದಲ್ಲಿ ಇಲ್ಲದಿದ್ದರೆ ಕೂಗಾಡುವುದಿಲ್ಲ, ಸುಮ್ಮನೆ ಸೊನ್ನೆ ಕೊಡುತ್ತದೆ. ಮಳೆ ಸೊನ್ನೆ ಎಂದು ತಿಳಿದು ಬೋರ್ಡು ಮಳೆಗಾಲದಲ್ಲೂ ನೀರು ಬಿಟ್ಟೀತು. ಬಾಷ್ಪೀಕರಣ ಸೊನ್ನೆ ಎಂದು ತಿಳಿದು ಸುಡುಬಿಸಿಲಿನಲ್ಲೂ ವಾಲ್ವ್ ಮುಚ್ಚಿಕೊಂಡೇ ಕೂತೀತು. ಎರಡನೆಯದು ಇನ್ನೂ ಅಪಾಯ. ಎಲ್ಲ ಸರಿಯಾಗಿ ನಡೆಯುತ್ತಿರುವ ಹಾಗೇ ಕಾಣುತ್ತದೆ, ಮೂರನೇ ದಿನ ಹೂ ಉದುರಿದಾಗಲೇ ಗೊತ್ತಾಗುವುದು.

ಅದಕ್ಕೆ ಉತ್ತರವನ್ನು ಮೆಟ್ಟಿಲು ಮೆಟ್ಟಿಲಾಗಿ ಜರಡಿ ಹಿಡಿಯಬೇಕು. ಸರ್ವರ್ ಕೊಡುವ ಸಂಖ್ಯೆ 200 ಇದೆಯೇ? 429 ಬಂದರೆ ಅತಿಯಾಗಿ ಕೇಳುತ್ತಿದ್ದೀರಿ, 500ರ ಮೇಲೆ ಬಂದರೆ ತೊಂದರೆ ಅವರ ಕಡೆ, ಮೈನಸ್ ಅಂಕಿ ಬಂದರೆ ನಮ್ಮ ಬೋರ್ಡು ಅಲ್ಲಿಗೆ ತಲುಪಿಯೇ ಇಲ್ಲ ಅಥವಾ ಉತ್ತರ ಕಾದು ಸುಸ್ತಾಗಿದೆ. 200 ಇದ್ದರೆ, ಆ ಅಂಕಿ ನಿಜಕ್ಕೂ ಅಲ್ಲಿದೆಯೇ, ಖಾಲಿಯೇ? ಇದ್ದರೆ, ಅದರ ಜೊತೆಗಿರುವ ದಿನಾಂಕ ಇವತ್ತಿನದೇ? ಕೊನೆಗೆ ಒಕ್ಕಲಿಗನ ಜರಡಿ: ಬಯಲುಸೀಮೆಯಲ್ಲಿ ಬಾಷ್ಪೀಕರಣ 1ಕ್ಕಿಂತ ಕಡಿಮೆ ಅಥವಾ 10ಕ್ಕಿಂತ ಹೆಚ್ಚು ಅಂದರೆ ನಾನಂತೂ ನಂಬುವುದಿಲ್ಲ. ಇದರಲ್ಲಿ ಎಲ್ಲಿ ನಿಂತರೂ ಅದನ್ನು 'ಉತ್ತರ ಇಲ್ಲ' ಎಂದೇ ಎಣಿಸಬೇಕು, ಸೊನ್ನೆ ಎಂದಲ್ಲ. ಕೋಡು ಬರೆಸಿಕೊಳ್ಳುವಾಗ ಈ ಪ್ಯಾರಾವನ್ನು ಹಾಗೇ ನಕಲು ಮಾಡಿ ಕೊಡಿ, ನಡೆಯುತ್ತದೆ.

ಹಾಗಾದರೆ ಉತ್ತರ ಇಲ್ಲದಾಗ ಏನು? ಹಳ್ಳಿಯಲ್ಲಿ ಇದು ಅಪರೂಪವಲ್ಲ. ಕರೆಂಟು ಹೋದರೆ ಮನೆಯ ರೂಟರೂ ಹೋಗುತ್ತದೆ, ಗಾಳಿ ಮಳೆಗೆ ಟವರ್ ಮಲಗುತ್ತದೆ. ಕೊನೆಯ ಸರಿಯಾದ ಉತ್ತರವನ್ನೂ ಅದು ಬಂದ ಸಮಯವನ್ನೂ ಬೋರ್ಡಿನ ಶಾಶ್ವತ ನೆನಪಿನಲ್ಲಿ ಬರೆದಿಡಿ, ಇಎಸ್‌ಪಿ32ರಲ್ಲಿ ಅದಕ್ಕೆ ಪ್ರಿಫರೆನ್ಸಸ್ ಎಂಬ ಲೈಬ್ರರಿ ಇದೆ. ಕರೆಂಟು ಹೋಗಿ ಬಂದರೂ ಅಳಿಸುವುದಿಲ್ಲ. ಹನ್ನೆರಡು ಗಂಟೆಯೊಳಗಿನ ಉತ್ತರ ಆದರೆ ಅದರಂತೆಯೇ ನಡೆಯಲಿ. ಅದಕ್ಕಿಂತ ಹಳತಾದರೆ ತಿಂಗಳಿಗೊಂದು ನಿಮಿಷದ ಪಟ್ಟಿ ಇರಲಿ. ಏಪ್ರಿಲ್‌ನಲ್ಲಿ ಉತ್ತರ ಇಲ್ಲದಿದ್ದರೂ 60 ನಿಮಿಷ ಬಿಡು, ಆಗಸ್ಟ್‌ನಲ್ಲಿ 15. ಈ ಪಟ್ಟಿಯನ್ನು ಯಾವ ವೆಬ್ ಸರ್ವಿಸೂ ಬರೆದುಕೊಡುವುದಿಲ್ಲ. ನಿಮ್ಮ ಮಣ್ಣು ಕೆಂಪೋ ಎರೆಯೋ, ಬೆಳೆ ಯಾವ ಹಂತದಲ್ಲಿದೆ, ಇದೆಲ್ಲ ನೋಡಿ ನೀವೇ, ಇಲ್ಲವೇ ನಿಮ್ಮಪ್ಪನ ಹತ್ತಿರ ಕೂತು, ಬರೆಯಬೇಕು. 'ಸಂಶಯ ಬಂದರೆ ವಾಲ್ವ್ ಮುಚ್ಚು' ಎಂದು ಎಂಜಿನಿಯರುಗಳು ಹೇಳುತ್ತಾರೆ. ಬೇಸಿಗೆಯ ಟೊಮೆಟೊಗೆ ಅದು ಸುರಕ್ಷಿತ ಅಲ್ಲ.

ತೆರೆಯಲು ನೆಟ್ ಬೇಕಾಗಬಹುದು, ಮುಚ್ಚಲು ಬೇಕಾಗಬಾರದು. ಎಷ್ಟು ನಿಮಿಷ ಎಂದು ಗೊತ್ತಾದ ಮೇಲೆ ಬೋರ್ಡಿನದೇ ಗಡಿಯಾರ ಮುಚ್ಚಬೇಕು, ಮತ್ತು ಯಾವ ಉತ್ತರ ಬಂದರೂ ಎರಡು ಗಂಟೆ ಮೀರಕೂಡದು. ಕರೆಂಟಿಲ್ಲದಾಗ ತಾನಾಗಿ ಮುಚ್ಚಿಕೊಳ್ಳುವ ಜಾತಿಯ ಸೊಲೆನಾಯ್ಡ್ ವಾಲ್ವ್ ಕೊಳ್ಳಿ. ಇಲ್ಲೊಂದು ಎಚ್ಚರಿಕೆ: ಬೋರ್‌ವೆಲ್ ಮೋಟರ್ ನೇರವಾಗಿ ಡ್ರಿಪ್ಪಿಗೆ ಕೊಟ್ಟಿದ್ದರೆ, ಮೋಟರ್ ಓಡುವಾಗ ವಾಲ್ವ್ ಮುಚ್ಚಿದರೆ ಪೈಪು ಸಿಡಿಯುತ್ತದೆ ಅಥವಾ ಮೋಟರ್ ಸುಡುತ್ತದೆ. ತೊಟ್ಟಿಗೋ ಕೃಷಿ ಹೊಂಡಕ್ಕೋ ಬೈಪಾಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ತ್ರೀ ಫೇಸ್ ಸ್ಟಾರ್ಟರಿನ ಒಳಗೆ ರಿಲೇ ಸೇರಿಸುವುದು ಎಲೆಕ್ಟ್ರಿಷಿಯನ್ ಕೆಲಸ, ನಮ್ಮದಲ್ಲ.

ಕೆಲವು ಸಣ್ಣ ಮಾತು. ಇಎಸ್‌ಪಿ32ಕ್ಕೆ 2.4 ಗಿಗಾಹರ್ಟ್ಜ್ ವೈಫೈ ಮಾತ್ರ ಕಾಣುತ್ತದೆ, ಫೋನ್ ಹಾಟ್‌ಸ್ಪಾಟ್ 5ರಲ್ಲಿದ್ದರೆ ಅದು ಎಷ್ಟು ಹುಡುಕಿದರೂ ಸಿಗದು. ಹೊಲದಲ್ಲಿ ವೈಫೈ ಇಲ್ಲದವರು ಸಿಮ್ ಹಾಕುವ ಮಾಡ್ಯೂಲ್ ಕೊಳ್ಳುವಾಗ ಅಗ್ಗಕ್ಕೆ ಸಿಗುವ ಸಿಮ್800ಎಲ್ ತರಬೇಡಿ, ಅದು 2ಜಿಯದ್ದು, ಜಿಯೊ ಸಿಮ್ ಅದರಲ್ಲಿ ನಡೆಯುವುದೇ ಇಲ್ಲ. 4ಜಿ ಮಾಡ್ಯೂಲ್ ಕೇಳಿ ತನ್ನಿ. ಎಚ್‌ಟಿಟಿಪಿಎಸ್ ವಿಳಾಸಕ್ಕೆ ಕೋಡಿನಲ್ಲಿ ಸರ್ಟಿಫಿಕೇಟ್ ಅಂಟಿಸಿದರೆ ಅದಕ್ಕೂ ಆಯಸ್ಸು ಇರುತ್ತದೆ. 2021ರ ಸೆಪ್ಟೆಂಬರ್ 30ರಂದು ಅಂಥ ಒಂದು ಹಳೆಯ ಮೂಲ ಸರ್ಟಿಫಿಕೇಟಿನ ಅವಧಿ ಮುಗಿದಾಗ ಪ್ರಪಂಚದ ಎಷ್ಟೋ ಹಳೆಯ ಸಾಧನಗಳು ಒಮ್ಮೆಲೇ ಮೂಕವಾದವು. ಬರೀ ಹವಾಮಾನ ಕೇಳುವುದಕ್ಕೆ ಪರಿಶೀಲನೆ ಬಿಟ್ಟರೂ, ಮೇಲೆ ಹೇಳಿದ ಜರಡಿ ಇದ್ದರೆ, ನಡೆದೀತು ಎಂಬುದು ನನ್ನ ಅಭಿಪ್ರಾಯ. ವಾಲ್ವನ್ನು ಹೊರಗಿನಿಂದ ತೆರೆಸುವ ಆದೇಶ ನೆಟ್ಟಿನಲ್ಲಿ ಬರುವುದಾದರೆ ಬಿಡಲೇಬೇಡಿ.

ಮೊದಲ ತಿಂಗಳು ವಾಲ್ವಿಗೆ ವೈರೇ ಕೊಡಬೇಡಿ. ಬೋರ್ಡು ದಿನಾ ಬೆಳಿಗ್ಗೆ ಐದಕ್ಕೆ ಕೇಳಿ, ಲೆಕ್ಕ ಹಾಕಿ, ನಿಮ್ಮ ಟೆಲಿಗ್ರಾಮಿಗೆ ಒಂದು ಸಾಲು ಕಳಿಸಲಿ: ಇಷ್ಟು ನಿಮಿಷ, ಇಂಥ ಕಾರಣಕ್ಕೆ, ಉತ್ತರ ಇಷ್ಟು ಗಂಟೆ ಹಳೆಯದು. ಟೆಲಿಗ್ರಾಮಿನಲ್ಲಿ ಬಾಟ್‌ಫಾದರ್ ಎಂಬ ಖಾತೆಗೆ ಮೆಸೇಜ್ ಮಾಡಿದರೆ ಬಾಟ್ ಮತ್ತು ಅದರ ಟೋಕನ್ ಸಿಗುತ್ತದೆ. ಸಂದೇಶ ಕಳಿಸುವುದೂ ಇನ್ನೊಂದು ವೆಬ್ ವಿಳಾಸ ಕರೆದ ಹಾಗೇ. ಆ ಟೋಕನ್ ಮನೆ ಬೀಗದ ಕೈ ಇದ್ದಂತೆ, ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಬೇಡಿ. ವಾಲ್ವನ್ನು ನೀವೇ ತಿರುಗಿಸಿ, ಬೋರ್ಡು ಹೇಳಿದ ನಿಮಿಷ ಮತ್ತು ನೀವು ಬಿಟ್ಟ ನಿಮಿಷ ಎರಡನ್ನೂ ಪಕ್ಕಪಕ್ಕ ಬರೆಯಿರಿ. ವಾರಕ್ಕೊಂದು ಸಲ ಬೇಕೆಂದೇ ರೂಟರ್ ಆಫ್ ಮಾಡಿ, ಮರುದಿನ ಅದು ಎಷ್ಟು ನಿಮಿಷ ಲೆಕ್ಕ ಹಾಕಿತ್ತು ಎಂದು ನೋಡಿ. ಹಾಗೆ ನಾಲ್ಕು ಸಲವೂ ನಿಮ್ಮ ಪಟ್ಟಿಯಂತೆಯೇ ನಡೆದಿದ್ದರೆ ವಾಲ್ವಿನ ವೈರ್ ಸಿಕ್ಕಿಸಬಹುದು.