ಒಳ್ಳೆ ಕೊಲೆಸ್ಟರಾಲಿನ ಉಡಿದಾರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರು ಕೊಬ್ಬರಿಯನ್ನು ಸುಲಭಕ್ಕೆ ಬಿಟ್ಟುಕೊಡುವವರಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ, ತಿಂಗಳುಗಟ್ಟಲೆ ಕಾದು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗುಡುಗುಡು ಎಂದ ಮೇಲೆ ಸುಲಿದು, ಉಂಡೆ ಒಡೆಯದಂತೆ ಚಿಪ್ಪು ಬಿಡಿಸುವ ಜನ. ಡಾಕ್ಟರು ‘ಕೊಬ್ಬರಿ ಕಮ್ಮಿ ಮಾಡಿ’ ಅಂದರೆ ‘ಅದರಿಂದ ಒಳ್ಳೆ ಕೊಲೆಸ್ಟರಾಲ್ ಹೆಚ್ಚುತ್ತಂತಲ್ಲ ಸಾರ್’ ಎಂಬ ಉತ್ತರ ಸಿದ್ಧ. ಮಾತು ಸುಳ್ಳಲ್ಲ. 16 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ 2020ರ ವಿಶ್ಲೇಷಣೆಯೊಂದರಲ್ಲಿ, ಸೂರ್ಯಕಾಂತಿಯಂಥ ಎಣ್ಣೆಗಳಿಗಿಂತ ಕೊಬ್ಬರಿ ಎಣ್ಣೆ ಒಳ್ಳೆಯದೆನ್ನುವ ಎಚ್‌ಡಿಎಲ್ಲನ್ನು ಡೆಸಿಲೀಟರಿಗೆ ಸುಮಾರು 4 ಮಿಲಿಗ್ರಾಂ ಹೆಚ್ಚು ಏರಿಸಿತ್ತು. ಕೆಟ್ಟದ್ದೆನ್ನುವ ಎಲ್‌ಡಿಎಲ್ಲನ್ನು 10 ಮಿಲಿಗ್ರಾಂ! ಈ ಎರಡನೆಯ ಅಂಕಿ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಅಸಲಿಗೆ ಕೊಲೆಸ್ಟರಾಲಿನಲ್ಲಿ ಒಳ್ಳೆಯದು, ಕೆಟ್ಟದ್ದು ಎಂಬ ಎರಡು ಜಾತಿಯಿಲ್ಲ. ವ್ಯತ್ಯಾಸ ಇರುವುದು ಅದನ್ನು ರಕ್ತದಲ್ಲಿ ಹೊತ್ತು ತಿರುಗುವ ಕಣದಲ್ಲಿ. ಎಚ್‌ಡಿಎಲ್ ಕಣದ ಮುಖ್ಯ ಪ್ರೋಟೀನಿನ ಹೆಸರು ಅಪೊ ಎ-1. ಯಕೃತ್ತಿನಲ್ಲೂ ಕರುಳಿನಲ್ಲೂ ತಯಾರಾಗುವ, 243 ಅಮೈನೋ ಆಮ್ಲಗಳ ಸರ. ಇದರ ಸುರುಳಿಗಳ ಒಂದು ಮಗ್ಗುಲಿಗೆ ನೀರು ಇಷ್ಟ, ಇನ್ನೊಂದಕ್ಕೆ ಜಿಡ್ಡು. ನೀರಿನಂಥ ರಕ್ತದಲ್ಲಿ ಕೊಬ್ಬು ಸಾಗುವುದು ಈ ಇಬ್ಬಗೆಯ ಗುಣದಿಂದ.

ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಮಿಶೆಲ್ ಮಾಶಬಫ್ 1929ರಲ್ಲಿ ಇಂಥ ಕಣವನ್ನು ಮೊದಲು ಬೇರ್ಪಡಿಸಿದ್ದು ಕುದುರೆಯ ರಕ್ತದಿಂದ. ಅದರ ಪ್ರೋಟೀನಿನ ಆಕಾರ ಕಾಣಲು ಮತ್ತೆ 68 ವರ್ಷ ಹಿಡಿಯಿತು. ಅಲಬಾಮ ವಿಶ್ವವಿದ್ಯಾಲಯದವರು 1997ರಲ್ಲಿ ಮೊದಲ 43 ಅಮೈನೋ ಆಮ್ಲಗಳನ್ನು ಕತ್ತರಿಸಿ, ಉಳಿದದ್ದನ್ನು ಹರಳುಗಟ್ಟಿಸಿ, ಎಕ್ಸ್‌ರೇ ಹಾಯಿಸಿದರು. ಕಂಡದ್ದು ಕುದುರೆ ಲಾಳ! ಕಾಕತಾಳೀಯವೇ ಇರಲಿ, ಚೆನ್ನಾಗಿದೆ. ಬಾಸ್ಟನ್ನಿನವರು 2011ರಲ್ಲಿ ಬಾಲದ ಕಡೆ ಕತ್ತರಿಸಿ ಇನ್ನೂ ಸ್ಪಷ್ಟವಾದ ಚಿತ್ರ ಪಡೆದರು.

ಇಂಥ ರಚನೆ ಸರಿಯಿದೆಯೇ ಎಂದು ಒರೆಹಚ್ಚುವ ಸಾಧನಕ್ಕೆ ನಮ್ಮವರದೇ ಹೆಸರು: ರಾಮಚಂದ್ರನ್ ನಕ್ಷೆ. ಜಿ.ಎನ್. ರಾಮಚಂದ್ರನ್ ಮದರಾಸಿನಲ್ಲಿ ಸಹೋದ್ಯೋಗಿಗಳ ಜೊತೆ 1963ರಲ್ಲಿ ಅದನ್ನು ಪ್ರಕಟಿಸಿದರು. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣು ಜೈವಿಕ ಭೌತವಿಜ್ಞಾನ ವಿಭಾಗ ಕಟ್ಟಿದರು. ಪ್ರೋಟೀನಿನ ಬೆನ್ನೆಲುಬು ಯಾವ ಕೋನಗಳಲ್ಲಿ ಬಾಗಬಲ್ಲದು, ಯಾವುದರಲ್ಲಿ ಸಾಧ್ಯವೇ ಇಲ್ಲ ಎಂಬುದು ಆ ನಕ್ಷೆಯಲ್ಲಿದೆ.

ಇನ್ನು ಎಚ್‌ಡಿಎಲ್ ಕಣ ಹುಟ್ಟುವುದು ಹೀಗೆ. ಎಬಿಸಿಎ-1 ಎಂಬ ಇನ್ನೊಂದು ಪ್ರೋಟೀನು ಜೀವಕೋಶದ ಪೊರೆಯಲ್ಲಿ ಕೂತು ಕೊಲೆಸ್ಟರಾಲನ್ನು ಹೊರಕ್ಕೆ ದಾಟಿಸುತ್ತದೆ. ಅಪೊ ಎ-1 ಅದನ್ನು ಹಿಡಿದುಕೊಂಡು ಬಿಲ್ಲೆಯಾಗುತ್ತದೆ; ಎರಡು ಅಣುಗಳು ಎದುರುಬದುರು ದಿಕ್ಕಿನಲ್ಲಿ ಬಿಲ್ಲೆಯ ಅಂಚನ್ನು ಉಡಿದಾರದಂತೆ ಸುತ್ತುತ್ತವೆ. ಕೊಲೆಸ್ಟರಾಲ್ ಒಳಸೇರಿದಂತೆಲ್ಲ ಬಿಲ್ಲೆ ಉಬ್ಬಿ ಗುಂಡಗಾಗುತ್ತದೆ. ಎಬಿಸಿಎ-1 ಕೆಟ್ಟರೆ ಏನಾದೀತೆಂದು ಅಮೆರಿಕದ ಟ್ಯಾಂಜಿಯರ್ ದ್ವೀಪದ ಮಕ್ಕಳಲ್ಲಿ ಕಂಡಿತ್ತು: ರಕ್ತದಲ್ಲಿ ಎಚ್‌ಡಿಎಲ್ ಇಲ್ಲವೆನ್ನುವಷ್ಟು ಕಮ್ಮಿ, ಟಾನ್ಸಿಲ್ ಕಿತ್ತಳೆ ಬಣ್ಣ. ಕಾರಣವಾದ ಜೀನ್ ಸಿಕ್ಕಿದ್ದು 1999ರಲ್ಲಿ.

ಹಾಗಾದರೆ ಎಚ್‌ಡಿಎಲ್ ಏರಿಸಿದರೆ ಹೃದಯ ಗೆದ್ದಂತೆಯೇ? ಟಾರ್ಸೆಟ್ರಾಪಿಬ್ ಎಂಬ ಔಷಧ ಅದನ್ನು ಭರ್ಜರಿಯಾಗಿಯೇ ಏರಿಸಿತು. ಅದನ್ನು ತೆಗೆದುಕೊಂಡವರಲ್ಲಿ ಸಾವು ಹೆಚ್ಚಾಗಿ, 2006ರ ಡಿಸೆಂಬರಿನಲ್ಲಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಲ್ಯಾಬಿನ ಚೀಟಿಯಲ್ಲಿ ಬರುವುದು ಕಣಗಳೊಳಗೆ ಎಷ್ಟು ಕೊಲೆಸ್ಟರಾಲಿದೆ ಎಂಬ ಲೆಕ್ಕ ಅಷ್ಟೆ. ಜೀವಕೋಶದಿಂದ ಅವು ಎಷ್ಟು ಕೊಲೆಸ್ಟರಾಲ್ ಹೊತ್ತು ತರುತ್ತಿವೆ ಎಂದು ಅಳೆಯುವ ಪರೀಕ್ಷೆಯೂ ಇದೆ; ಅದಕ್ಕೆ ಜೀವಂತ ಕೋಶಗಳನ್ನೇ ಬೆಳೆಸಬೇಕು, ಹಾಗಾಗಿ ಅದು ಸಂಶೋಧನಾಲಯದ ಹೊಸಿಲು ದಾಟಿ ಊರಿನ ಲ್ಯಾಬಿಗೆ ಬಂದಿಲ್ಲ.